ಹಳೆಯ ಸೂರ್ಯಕಾಂತಿ ಬೀಜ: ಸಂರಕ್ಷಣೆ ಮತ್ತು ಮರುಬಿತ್ತನೆ

ಬೀಜವು ನೋಟಕ್ಕೆ ಜಡವಸ್ತುವಿನಂತೆ ಕಂಡರೂ ಅದು ಸಜೀವ ವಸ್ತು. ಡಬ್ಬಿಯಲ್ಲಿ ಮುಚ್ಚಿಟ್ಟ ದಿನದಿಂದಲೂ ಅದು ಅತಿ ಮಂದಗತಿಯಲ್ಲಿ ಉಸಿರಾಡುತ್ತಿರುತ್ತದೆ, ತನ್ನೊಳಗಿನ ಆಹಾರವನ್ನು ವ್ಯಯಿಸುತ್ತಿರುತ್ತದೆ, ದಿನ ಕಳೆದಂತೆ ಮುದಿಯಾಗುತ್ತಿರುತ್ತದೆ. ಈ ಮುಪ್ಪು ಎಲ್ಲ ಬೀಜಗಳಿಗೂ ಒಂದೇ ವೇಗದಲ್ಲಿ ಬರುವುದಿಲ್ಲ. ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವ ಕಲೆಯನ್ನು ಕನ್ನಡ ನಾಡಿನ ಒಕ್ಕಲಿಗರು ಹಿಂದಿನಿಂದಲೂ ಬಲ್ಲರು. ಆದರೆ ಅದೇ ನಂಬಿಕೆಯಿಂದ ಸೂರ್ಯಕಾಂತಿ ಬೀಜವನ್ನು ಕಟ್ಟಿಟ್ಟವರು ಬಿತ್ತನೆಯ ಕಾಲದಲ್ಲಿ ನಿರಾಶೆಗೊಳ್ಳುವುದುಂಟು. ಎಣ್ಣೆಕಾಳಿನ ಬೀಜಕ್ಕೆ ಆಯಸ್ಸು ಕಡಿಮೆ. ಆ ಆಯಸ್ಸನ್ನು ಹೆಚ್ಚಿಸುವ ಸರಳ ಉಪಾಯಗಳು ಮನೆಯಲ್ಲಿಯೇ ಸಾಧ್ಯ.

ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಡೊಂಬಿವಲಿ ಎಂಐಡಿಸಿ ಪ್ರದೇಶದಲ್ಲಿ ಕಾರ್ಖಾನೆಗಳ ಮಗ್ಗುಲಲ್ಲಿಯೇ ವಸತಿ ವಿಭಾಗವೂ ಇದೆ. ಉದ್ಯೋಗವನ್ನು ಅರಸಿ ಬಂದ ಕನ್ನಡ ಕುಟುಂಬಗಳು ಡೊಂಬಿವಲಿ, ಕಲ್ಯಾಣ, ಠಾಣೆ ಮತ್ತು ನವಿ ಮುಂಬಯಿಗಳಲ್ಲಿ ಹಲವು ದಶಕಗಳಿಂದ ನೆಲೆಸಿವೆ. ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು, ಕಲಬುರಗಿ ಮೊದಲಾದ ಸೂರ್ಯಕಾಂತಿ ಬೆಳೆಯುವ ಜಿಲ್ಲೆಗಳಿಂದ ಒಂದು ಹಿಡಿ ಬೀಜ ತಂದು ಬಾಲ್ಕನಿಯ ಕುಂಡದಲ್ಲಿಯೋ ಸೊಸೈಟಿಯ ಅಂಗಳದಲ್ಲಿಯೋ ಬೆಳೆಸಬೇಕೆಂಬ ಆಸೆ ಇಲ್ಲಿನವರಿಗೆ ಸಹಜವಾದದ್ದು. ಒಣ ಹವೆಯ ಬಯಲುಸೀಮೆಯಲ್ಲಿ ಮುಂದಿನ ವರ್ಷದವರೆಗೂ ಉಳಿಯುವ ಬೀಜವು ಕೊಂಕಣದ ಒಂದೇ ಮಳೆಗಾಲದಲ್ಲಿ ಸತ್ತುಹೋಗಬಹುದು. ಹೀಗಾಗುವುದಕ್ಕೆ ಕಾರಣವೇನು, ತಡೆಯುವುದು ಹೇಗೆ, ಈಗಾಗಲೇ ಹಳತಾದ ಬೀಜವನ್ನು ಮತ್ತೆ ಬಿತ್ತುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸೂರ್ಯಕಾಂತಿ ಬಂದ ದಾರಿ

ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. 16ನೆಯ ಶತಮಾನದಲ್ಲಿ ಸ್ಪೇನ್ ದೇಶದವರ ಮೂಲಕ ಅದು ಯೂರೋಪಿಗೆ ಬಂದಿತು. ಮೊದಲು ಅಲಂಕಾರದ ಗಿಡವಾಗಿದ್ದ ಇದನ್ನು 19ನೆಯ ಶತಮಾನದಲ್ಲಿ ರಷ್ಯಾದ ರೈತರು ಎಣ್ಣೆಯ ಬೆಳೆಯನ್ನಾಗಿ ಮಾಡಿದರು. ಮುಂದೆ ಪುಸ್ತೊವೊಯ್ತ್ ಎಂಬ ಸಸ್ಯತಳಿ ವಿಜ್ಞಾನಿಯ ಪರಿಶ್ರಮದಿಂದ ಬೀಜದಲ್ಲಿನ ಎಣ್ಣೆಯ ಪ್ರಮಾಣವು ಗಣನೀಯವಾಗಿ ಏರಿತು.

ಖಾದ್ಯತೈಲದ ಕೊರತೆಯನ್ನು ನೀಗುವ ಉದ್ದೇಶದಿಂದ 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಭಾರತಕ್ಕೆ ಸೂರ್ಯಕಾಂತಿಯ ತಳಿಗಳನ್ನು ತರಿಸಲಾಯಿತು. ಪೆರೆದೊವಿಕ್ ಎಂಬ ತಳಿಯು ಇ.ಸಿ. 68414 ಎಂಬ ಸಂಖ್ಯೆಯಿಂದ ಇಲ್ಲಿ ಪರಿಚಿತವಾಯಿತು. 1972ರ ಸುಮಾರಿಗೆ ವಾಣಿಜ್ಯ ಬೇಸಾಯ ಆರಂಭವಾಯಿತು. ಗಿಡ್ಡವಾಗಿ ಬೆಳೆದು 80-85 ದಿನಗಳಲ್ಲಿ ಕೊಯ್ಲಿಗೆ ಬರುವ ಮಾರ್ಡೆನ್ ತಳಿಯೂ ಕರ್ನಾಟಕದ ರೈತರ ಮೆಚ್ಚುಗೆ ಗಳಿಸಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ದೇಶದ ಮೊದಲ ಸೂರ್ಯಕಾಂತಿ ಸಂಕರಣ ತಳಿಯಾದ ಬಿ.ಎಸ್.ಎಚ್.-1 ಅನ್ನು ಬಿಡುಗಡೆ ಮಾಡಿತು. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಜಾರಿಗೆ ಬಂದ ನಂತರ ಬೆಳೆಯ ವಿಸ್ತೀರ್ಣ ವೇಗವಾಗಿ ಹೆಚ್ಚಿತು.

1990ರ ದಶಕದ ಬಳಿಕ ಈ ಏರಿಕೆ ನಿಂತಿತು. ಬೆಲೆಯ ಏರುಪೇರು, ಆಮದು ಎಣ್ಣೆಯ ಪೈಪೋಟಿ ಮತ್ತು ರೋಗಗಳು ಬೆಳೆಯನ್ನು ಹಿಂದಕ್ಕೆ ತಳ್ಳಿದವು. 1997ರಲ್ಲಿ ಬಾಗೇಪಲ್ಲಿ ಭಾಗದಲ್ಲಿ ಕಾಣಿಸಿಕೊಂಡ ನೆಕ್ರೋಸಿಸ್ ನಂಜುರೋಗವು ತೀವ್ರ ಹಾನಿಯನ್ನುಂಟುಮಾಡಿತು. ಇಂದು ದೇಶಕ್ಕೆ ಬೇಕಾದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರದೇಶಗಳಿಂದ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಅದರ ಬಿಸಿ ಪ್ರತಿಯೊಂದು ಅಡುಗೆಮನೆಗೂ ತಟ್ಟಿತು. ಇತ್ತ ಹೊಲಗಳಲ್ಲಿ ಸಂಕರಣ ತಳಿಗಳೇ ತುಂಬಿಕೊಂಡುದರಿಂದ, ರೈತರು ಬೀಜವನ್ನು ತಾವೇ ಎತ್ತಿಡಬಹುದಾಗಿದ್ದ ಹಳೆಯ ತಳಿಗಳು ಅಪರೂಪವಾಗಿವೆ. ಯಾವುದೋ ಮನೆಯ ಡಬ್ಬಿಯಲ್ಲಿ ಅಂತಹ ಬೀಜ ಉಳಿದಿದ್ದರೆ ಅದನ್ನು ಜೋಪಾನ ಮಾಡುವುದು ಪ್ರಯೋಜನಕರ.

ಬೀಜವು ಮುದಿಯಾಗುವ ಬಗೆ

ಸೂರ್ಯಕಾಂತಿ ಬೀಜದ ತೂಕದಲ್ಲಿ ಸುಮಾರು ಶೇಕಡಾ 40ರಷ್ಟು ಎಣ್ಣೆ ಇರುತ್ತದೆ. ಈ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲದಂತಹ, ಆಮ್ಲಜನಕದೊಡನೆ ಸುಲಭವಾಗಿ ಬೆರೆಯುವ ಅಂಶಗಳು ಹೆಚ್ಚು. ಗಾಳಿ, ತೇವ ಮತ್ತು ಶಾಖ ಈ ಮೂರೂ ಕೂಡಿದಾಗ ಎಣ್ಣೆಯು ಕಮಟುತ್ತದೆ. ಹಳೆಯ ಎಣ್ಣೆಯ ಕಮಟು ವಾಸನೆಗೆ ಕಾರಣವಾಗುವ ಈ ಕ್ರಿಯೆಯೇ ಬೀಜದೊಳಗಿನ ಜೀವಕೋಶಗಳ ತೆಳುಪೊರೆಗಳನ್ನು ಶಿಥಿಲಗೊಳಿಸುತ್ತದೆ. ಪೊರೆ ಹರಿದ ಬೀಜವನ್ನು ಮಣ್ಣಿಗೆ ಹಾಕಿದಾಗ ನೀರು ಒಳಕ್ಕೆ ನುಗ್ಗುತ್ತದೆ, ಒಳಗಿನ ಸಕ್ಕರೆ ಮತ್ತು ಲವಣಗಳು ಹೊರಕ್ಕೆ ಸೋರುತ್ತವೆ. ಸೋರಿದ ಸಕ್ಕರೆಗೆ ಬೂಷ್ಟು ಮುತ್ತುತ್ತದೆ. ಮೊಳೆಯಬೇಕಾದ ಬೀಜ ಕೊಳೆಯುತ್ತದೆ. ರಾಗಿಯಂತಹ ಪಿಷ್ಟಪ್ರಧಾನ ಧಾನ್ಯದಲ್ಲಿ ಎಣ್ಣೆಯ ಅಂಶ ಅತ್ಯಲ್ಪವಾದುದರಿಂದ ಈ ಬಗೆಯ ಹಾನಿ ಕಡಿಮೆ.

ಮುಪ್ಪು ಬರುವುದು ಕ್ರಮಕ್ರಮವಾಗಿ. ಮೊದಲು ಮೊಳಕೆ ತಡವಾಗುತ್ತದೆ. ಆಮೇಲೆ ಮೊಳಕೆ ಬಂದರೂ ಸಸಿ ಕುಂಟುತ್ತದೆ. ಕೊನೆಗೆ ಮೊಳಕೆಯೇ ಬರುವುದಿಲ್ಲ. ಆದುದರಿಂದ, ಹಳೆಯ ಬೀಜವೆಂದರೆ ಸತ್ತ ಬೀಜವೆಂದು ತೀರ್ಮಾನಿಸಬಾರದು. ಹಾಗೆಯೇ ಮೊಳೆತ ಬೀಜಗಳೆಲ್ಲವೂ ಗಟ್ಟಿ ಗಿಡಗಳಾಗುತ್ತವೆಂದು ಎಣಿಸಲೂ ಬಾರದು.

ಕರಾವಳಿಯ ಹವೆ ಮತ್ತು ಬೀಜದ ಆಯಸ್ಸು

ಬೀಜವು ಸುತ್ತಲಿನ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಠಾಣೆ ಜಿಲ್ಲೆಯಲ್ಲಿ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಗಾಳಿಯ ಆರ್ದ್ರತೆಯು ಶೇಕಡಾ 85ನ್ನು ಮೀರುವುದು ಸಾಮಾನ್ಯ. ಇಂತಹ ಗಾಳಿಗೆ ತೆರೆದಿಟ್ಟ ಸೂರ್ಯಕಾಂತಿ ಬೀಜದ ತೇವಾಂಶವು ಶೇಕಡಾ 10ರ ಗಡಿಯನ್ನು ದಾಟುತ್ತದೆ. ಬೀಜ ಪ್ರಮಾಣೀಕರಣದ ನಿಯಮಗಳ ಪ್ರಕಾರ ಸೂರ್ಯಕಾಂತಿ ಬೀಜದಲ್ಲಿ ತೇವಾಂಶವು ಸಾಧಾರಣ ಚೀಲದಲ್ಲಾದರೆ ಶೇಕಡಾ 9ನ್ನು, ತೇವ ನುಗ್ಗದ ಪೊಟ್ಟಣದಲ್ಲಾದರೆ ಶೇಕಡಾ 7ನ್ನು ಮೀರಬಾರದು.

ಬೀಜವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಸೂತ್ರಗಳೆಂಬ ಸ್ಥೂಲ ನಿಯಮಗಳಿವೆ. ಬೀಜದ ತೇವಾಂಶವು ಶೇಕಡಾ 1ರಷ್ಟು ಇಳಿದಾಗಲೆಲ್ಲ ಅದರ ಆಯಸ್ಸು ಇಮ್ಮಡಿಯಾಗುತ್ತದೆ. ಇಟ್ಟ ಸ್ಥಳದ ಉಷ್ಣತೆಯು 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಮತ್ತೆ ಇಮ್ಮಡಿಯಾಗುತ್ತದೆ. ತೇವಾಂಶವು ಶೇಕಡಾ 5ರಿಂದ 14ರ ನಡುವೆ, ಉಷ್ಣತೆಯು 0ಯಿಂದ 50 ಡಿಗ್ರಿಗಳ ನಡುವೆ ಇರುವಾಗ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ. ಇದರಂತೆ ಶೇಕಡಾ 10 ತೇವಾಂಶದ ಬೀಜವನ್ನು ಶೇಕಡಾ 7ಕ್ಕೆ ಒಣಗಿಸಿದರೆ ಆಯಸ್ಸು ಸುಮಾರು 8 ಪಟ್ಟು ಹೆಚ್ಚುತ್ತದೆ. ಬರಿಯ ಒಣಗಿಸುವಿಕೆಯಿಂದಲೇ ಇಷ್ಟು ಲಾಭವಿದೆ.

ಮತ್ತೊಂದು ಸೂತ್ರದ ಪ್ರಕಾರ, ಫ್ಯಾರನ್‌ಹೀಟ್ ಅಳತೆಯ ಉಷ್ಣತೆ ಮತ್ತು ಗಾಳಿಯ ಶೇಕಡಾವಾರು ಆರ್ದ್ರತೆಗಳ ಮೊತ್ತವು 100ನ್ನು ಮೀರದಿದ್ದರೆ ಬೀಜ ಕ್ಷೇಮವಾಗಿರುತ್ತದೆ. ಡೊಂಬಿವಲಿಯ ಮಳೆಗಾಲದ ದಿನವೊಂದರಲ್ಲಿ ಉಷ್ಣತೆ 82, ಆರ್ದ್ರತೆ 85 ಎಂದಿಟ್ಟುಕೊಂಡರೆ ಮೊತ್ತವು 167 ಆಗುತ್ತದೆ. ಅಡುಗೆಮನೆಯ ಗೂಡಿನಲ್ಲಿ ಕಾಗದದ ಪೊಟ್ಟಣದಲ್ಲಿಟ್ಟ ಬೀಜವು ಏಕೆ ಉಳಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮನೆಯಲ್ಲಿ ಸಂರಕ್ಷಣೆ

ಬೀಜವನ್ನು ಮೊದಲು ನೆರಳಿನಲ್ಲಿ, ಬಳಿಕ ಬೆಳಗಿನ ಎಳೆಬಿಸಿಲಿನಲ್ಲಿ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು. ಕಾದ ತಾರಸಿಯ ಮೇಲೆ ನಡುಹಗಲಿನ ಬಿಸಿಲಿಗೆ ಹರಡಬಾರದು. ಒಣಗಿದ ಬೀಜವನ್ನು ಬಿಗಿಯಾದ ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ತುಂಬಬೇಕು. ತಳದಲ್ಲಿ, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಸಿಲಿಕಾ ಜೆಲ್ ಇಡಬೇಕು. ಅದು ದೊರೆಯದಿದ್ದರೆ ಹುರಿದು ಪೂರ್ತಿ ಆರಿಸಿದ ಅಕ್ಕಿಯನ್ನು ಬಳಸಬಹುದು. ಒಂದೆರಡು ವಾರಗಳಿಗೊಮ್ಮೆ ಅಕ್ಕಿಯನ್ನು ಮತ್ತೆ ಹುರಿದು ಆರಿಸಿ ಇಟ್ಟರೆ ಅದು ಪುನಃ ತೇವವನ್ನು ಹೀರಬಲ್ಲದು.

ಭರಣಿಯನ್ನು ಫ್ರಿಜ್ಜಿನ ಕೆಳ ಅಂತಸ್ತಿನಲ್ಲಿ ಇಡುವುದು ಉತ್ತಮ. ಆದರೆ ಫ್ರಿಜ್ಜಿನೊಳಗೆ ತಂಪಿನೊಡನೆ ತೇವವೂ ಇರುವುದರಿಂದ ಬೀಜವನ್ನು ತೆರೆದ ಪೊಟ್ಟಣದಲ್ಲಿ ಇಡಬಾರದು. ಹೊರತೆಗೆದ ಭರಣಿಯನ್ನು ಕೂಡಲೇ ತೆರೆಯಲೂ ಬಾರದು. ಅದು ಕೋಣೆಯ ಶಾಖಕ್ಕೆ ಬಂದ ಬಳಿಕ ತೆರೆದರೆ ತಣ್ಣನೆಯ ಬೀಜದ ಮೇಲೆ ನೀರು ಕಟ್ಟುವುದಿಲ್ಲ. ಭರಣಿಯ ಮೇಲೆ ತಳಿಯ ಹೆಸರು, ಬೀಜ ಬಂದ ಊರು, ಕೊಯ್ಲು ಮಾಡಿದ ತಿಂಗಳು ಮತ್ತು ವರ್ಷವನ್ನು ತಪ್ಪದೆ ಬರೆದಿಡಬೇಕು. ದೆಹಲಿಯಲ್ಲಿರುವ ರಾಷ್ಟ್ರೀಯ ಸಸ್ಯ ಅನುವಂಶಿಕ ಸಂಪನ್ಮೂಲ ಬ್ಯೂರೋದ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಚೆನ್ನಾಗಿ ಒಣಗಿಸಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ ಇಡುತ್ತಾರೆ. ಮನೆಯ ಭರಣಿಯು ಇದೇ ತತ್ವದ ಕಿರಿಯ ರೂಪ.

ಯಾವ ಬೀಜ ಉಳಿಸಲು ಯೋಗ್ಯ?

ಇ.ಸಿ. 68414, ಮಾರ್ಡೆನ್ ಮೊದಲಾದವು ಮುಕ್ತ ಪರಾಗಸ್ಪರ್ಶದ ತಳಿಗಳು. ಇವುಗಳ ಬೀಜವನ್ನು ಎಚ್ಚರದಿಂದ ಎತ್ತಿಟ್ಟರೆ ತಲೆಮಾರು ಕಳೆದರೂ ತಳಿಯ ಗುಣ ಬಹುಮಟ್ಟಿಗೆ ಉಳಿಯುತ್ತದೆ. ಸಂಕರಣ ತಳಿಗಳ ವಿಷಯ ಬೇರೆ. ಅವುಗಳ ತಾಯಿಸಾಲಿನ ಗಿಡಗಳಲ್ಲಿ ಪರಾಗ ಉತ್ಪತ್ತಿಯಾಗದಂತೆ ಗಂಡು ಬಂಜೆತನವನ್ನು ಅಳವಡಿಸಿರುತ್ತಾರೆ. ತಂದೆಸಾಲಿನಿಂದ ಬರುವ ಒಂದು ವಂಶವಾಹಿಯು ಈ ಬಂಜೆತನವನ್ನು ನಿವಾರಿಸುವುದರಿಂದ ರೈತನ ಹೊಲದ ಗಿಡಗಳೆಲ್ಲ ಪರಾಗ ಕೊಡುತ್ತವೆ. ಆ ಹೊಲದ ಬೀಜವನ್ನೇ ಮರಳಿ ಬಿತ್ತಿದರೆ ಗುಣಗಳು ಒಡೆದುಹೋಗುತ್ತವೆ. ಸುಮಾರು ನಾಲ್ಕರಲ್ಲಿ ಒಂದು ಗಿಡದಲ್ಲಿ ಪರಾಗವೇ ಇರುವುದಿಲ್ಲ. ಎತ್ತರ, ಹೂ ಬಿಡುವ ದಿನ, ತೆನೆಯ ಗಾತ್ರ ಯಾವುದೂ ಒಂದೇ ಸಮನಾಗಿರುವುದಿಲ್ಲ. ಅಂಗಳದ ಅಂದಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಇಳುವರಿಯನ್ನೇ ನಂಬಿದ ರೈತನು ಸಂಕರಣ ಬೆಳೆಯ ಬೀಜವನ್ನು ಮರುಬಿತ್ತನೆಗೆ ಬಳಸಿದರೆ ಒಂದು ಹಂಗಾಮನ್ನೇ ಕಳೆದುಕೊಳ್ಳಬೇಕಾದೀತು.

ಅಂಗಡಿಯಲ್ಲಿ ತಿನ್ನಲು ಮಾರುವ ಸಿಪ್ಪೆ ಸುಲಿದ ಇಲ್ಲವೆ ಹುರಿದ ಬೀಜಗಳು ಬಿತ್ತನೆಗೆ ಬಾರವು. ಗಿಳಿಗಳಿಗೆಂದು ಮಾರುವ ಸಿಪ್ಪೆಸಹಿತ ಬೀಜ ಮೊಳೆಯಬಹುದಾದರೂ ಅದರ ತಳಿ ಯಾವುದೆಂದು ತಿಳಿಯುವುದಿಲ್ಲ. ಬಣ್ಣ ಲೇಪಿಸಿದ ಬಿತ್ತನೆಬೀಜಕ್ಕೆ ಶಿಲೀಂಧ್ರನಾಶಕ ಅಥವಾ ಕೀಟನಾಶಕ ಹಚ್ಚಿರುತ್ತದೆ. ಎಷ್ಟೇ ಹಳತಾಗಿದ್ದರೂ ಅದನ್ನು ತಿನ್ನಬಾರದು, ಹಕ್ಕಿಗಳಿಗೂ ದನಗಳಿಗೂ ಹಾಕಬಾರದು, ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಮೊಳಕೆ ಪರೀಕ್ಷೆ

ಬಿತ್ತುವ ಮುನ್ನ ಹಳೆಯ ಬೀಜವನ್ನು ಪರೀಕ್ಷಿಸುವುದು ಅತ್ಯಗತ್ಯ. ಆರಿಸದೆ ಎಣಿಸಿದ 50 ಬೀಜಗಳನ್ನು ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಬಟ್ಟೆಯನ್ನು ಸಡಿಲವಾಗಿ ಸುರುಳಿ ಸುತ್ತಿ, ನೆರಳಿನಲ್ಲಿ ಇಡಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ನಾಲ್ಕನೆಯ ದಿನ ಮೊದಲ ಎಣಿಕೆ, ಹತ್ತನೆಯ ದಿನ ಕೊನೆಯ ಎಣಿಕೆ ಮಾಡಬೇಕು. ಬೇರು ಮತ್ತು ಕಾಂಡ ಎರಡೂ ನೆಟ್ಟಗಿರುವ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. 50ರಲ್ಲಿ 31 ಬಂದಿದ್ದರೆ ಮೊಳಕೆಯ ಪ್ರಮಾಣ ಶೇಕಡಾ 62. ಪ್ರಮಾಣಿತ ಬೀಜದಲ್ಲಿ ಇದು ಕನಿಷ್ಠ ಶೇಕಡಾ 70 ಇರಬೇಕೆಂಬುದು ನಿಯಮ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹೊಸದಾಗಿ ಕೊಯ್ದ ಸೂರ್ಯಕಾಂತಿ ಬೀಜಕ್ಕೆ ಸುಮಾರು ಒಂದೂವರೆ ತಿಂಗಳ ಸುಪ್ತಾವಸ್ಥೆ ಇರುತ್ತದೆ. ಆ ಅವಧಿಯಲ್ಲಿ ಪರೀಕ್ಷಿಸಿದರೆ ಜೀವವಿರುವ ಬೀಜವೂ ಮೊಳೆಯದಿರಬಹುದು. ಒದ್ದೆಬಟ್ಟೆಯಲ್ಲಿ ಹತ್ತು ದಿನವಿದ್ದರೂ ಗಟ್ಟಿಯಾಗಿಯೇ ಉಳಿದ ಬೀಜ ನಿದ್ರಿಸುತ್ತಿರಬಹುದು. ಮೆತ್ತಗಾಗಿ ಬೂಷ್ಟು ಹಿಡಿದ ಬೀಜ ಸತ್ತಿದೆ.

ಹಳೆಯ ಬೀಜದ ಬಿತ್ತನೆ

ಮುದಿಯಾದ ಬೀಜವನ್ನು ನೇರವಾಗಿ ನೀರಿನಲ್ಲಿ ಮುಳುಗಿಸಿಡಬಾರದು. ಶಿಥಿಲವಾದ ಪೊರೆಗಳು ನೀರಿನ ನುಗ್ಗಾಟವನ್ನು ತಾಳಲಾರವು. ಬಿತ್ತುವ ಹಿಂದಿನ ರಾತ್ರಿ ಹಿಂಡಿದ ಒದ್ದೆಬಟ್ಟೆಯ ನಡುವೆ ಇಟ್ಟರೆ ಬೀಜವು ನಿಧಾನವಾಗಿ ತೇವವನ್ನು ಹೀರಿಕೊಳ್ಳುತ್ತದೆ. ಬಿತ್ತನೆಯ ಆಳ 3ರಿಂದ 5 ಸೆಂಟಿಮೀಟರ್ ಸಾಕು. ಹೆಚ್ಚು ಆಳಕ್ಕೆ ಬಿದ್ದ ದುರ್ಬಲ ಮೊಳಕೆ ಮೇಲಕ್ಕೆ ಬರಲಾರದು. ನೆಲದಲ್ಲಿ ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರವಿರಬೇಕು.

ಮೊಳಕೆಯ ಪ್ರಮಾಣ ಶೇಕಡಾ 62 ಇದ್ದಾಗ ಒಂದು ಕುಣಿಗೆ ಎರಡು ಬೀಜ ಹಾಕಿದರೆ, 100 ಕುಣಿಗಳಲ್ಲಿ ಸುಮಾರು 86ರಲ್ಲಿ ಕನಿಷ್ಠ ಒಂದು ಸಸಿಯನ್ನು ನಿರೀಕ್ಷಿಸಬಹುದು. ಮೂರು ಬೀಜ ಹಾಕಿದರೆ ಈ ಸಂಖ್ಯೆ ಸುಮಾರು 95ಕ್ಕೆ ಏರುತ್ತದೆ. ಮಣ್ಣಿನಲ್ಲಿ ಫಲಿತಾಂಶವು ಬಟ್ಟೆಯಲ್ಲಿ ಕಂಡದ್ದಕ್ಕಿಂತ ತುಸು ಕಡಿಮೆಯೇ ಇರುವುದರಿಂದ ಮೂರು ಬೀಜ ಹಾಕಿ, ಬಲವಾದ ಒಂದು ಸಸಿಯನ್ನು ಉಳಿಸಿಕೊಳ್ಳುವುದು ಲೇಸು. ಮೊಳಕೆ ತೀರ ಕಡಿಮೆಯಿದ್ದು ಬೀಜವು ಅಪರೂಪದ್ದಾಗಿದ್ದರೆ, ಬಟ್ಟೆಯಲ್ಲಿ ಮೊಳೆತ ಬೀಜಗಳನ್ನು ಒಂದೊಂದಾಗಿ ಎತ್ತಿ ಸಣ್ಣ ಕುಂಡಗಳಲ್ಲಿ ನೆಟ್ಟು ಬೆಳೆಸಬೇಕು. ಯಾವುದೇ ಸಂದರ್ಭದಲ್ಲೂ ಇರುವ ಬೀಜವನ್ನೆಲ್ಲ ಒಮ್ಮೆಗೇ ಬಿತ್ತಬಾರದು. ಅರ್ಧವನ್ನು ಭರಣಿಯಲ್ಲಿ ಉಳಿಸಿದರೆ ಮಳೆ, ಹಕ್ಕಿ, ರೋಗ ಇವುಗಳಿಂದ ಬೆಳೆ ಹೋದರೂ ತಳಿ ಹೋಗುವುದಿಲ್ಲ.

ಸೂರ್ಯಕಾಂತಿಯು ಹಗಲಿನ ಉದ್ದವನ್ನು ಅಷ್ಟಾಗಿ ಅವಲಂಬಿಸದ ಬೆಳೆ. ಆದರೂ ಕೊಂಕಣದ ಜಡಿಮಳೆಯಲ್ಲಿ ಪರಾಗ ತೊಳೆದುಹೋಗುತ್ತದೆ, ಜೇನ್ನೊಣಗಳು ಹಾರುವುದಿಲ್ಲ, ತೆನೆ ಕೊಳೆಯುತ್ತದೆ. ಆದಕಾರಣ ಡೊಂಬಿವಲಿಯಂತಹ ಸ್ಥಳದಲ್ಲಿ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಯಿಂದ ಬಿತ್ತುವುದು ಸೂಕ್ತ.

ಪರಾಗಸ್ಪರ್ಶ ಮತ್ತು ಹೊಸ ಬೀಜದ ಸಂಗ್ರಹ

ಹಳೆಯ ತಳಿಗಳಲ್ಲಿ ಗಿಡದ ಸ್ವಂತ ಪರಾಗದಿಂದ ಕಾಳು ಕಟ್ಟುವುದು ಕಡಿಮೆ. ಮತ್ತೊಂದು ಗಿಡದ ಪರಾಗವನ್ನು ಜೇನ್ನೊಣ ತರಬೇಕು. ಬಾಲ್ಕನಿಯಲ್ಲಿ ಬೆಳೆದ ಒಂಟಿ ಗಿಡದ ತೆನೆಯಲ್ಲಿ ಜೊಳ್ಳು ತುಂಬಿರುವುದಕ್ಕೆ ಇದೇ ಕಾರಣ. ಒಂದೇ ಸೊಸೈಟಿಯ ನಾಲ್ಕಾರು ಕುಟುಂಬಗಳು ಕೂಡಿ ಒಂದೇ ತಳಿಯನ್ನು ಒಂದೇ ವಾರದಲ್ಲಿ ಬಿತ್ತಿದರೆ ಈ ತೊಂದರೆ ನೀಗುತ್ತದೆ. ಹೂ ಅರಳಿದಾಗ ಬೆಳಿಗ್ಗೆ 8ರಿಂದ 11 ಗಂಟೆಯೊಳಗೆ ಮೃದುವಾದ ಬಟ್ಟೆಯಿಂದ ಒಂದು ತೆನೆಯನ್ನು ಸವರಿ, ಅದೇ ಬಟ್ಟೆಯಿಂದ ಇನ್ನೊಂದನ್ನು ಸವರಬೇಕು. ಹೂಗಳು ತೆನೆಯ ಅಂಚಿನಿಂದ ನಡುವಿನ ಕಡೆಗೆ ಕ್ರಮವಾಗಿ ಅರಳುವುದರಿಂದ ದಿನ ಬಿಟ್ಟು ದಿನ, ಒಂದೆರಡು ವಾರ ಹೀಗೆ ಮಾಡಬೇಕು. ಬೇರೆ ತಳಿಯು ಹತ್ತಿರದಲ್ಲಿದ್ದರೆ ತೆನೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಹೊಲದಲ್ಲಿ ತಳಿಯ ಪ್ರಮಾಣಿತ ಬೀಜವನ್ನು ಬೆಳೆಯುವವರು ಬೇರೆ ಸೂರ್ಯಕಾಂತಿ ಬೆಳೆಯಿಂದ 200 ಮೀಟರ್ ಅಂತರ ಕಾಯ್ದುಕೊಳ್ಳಬೇಕೆಂಬ ನಿಯಮವಿದೆ.

ತೆನೆಯ ಹಿಂಭಾಗವು ನಿಂಬೆಹಳದಿ ಬಣ್ಣಕ್ಕೆ ತಿರುಗಿದಾಗ ಬೀಜ ಬಲಿತಿರುತ್ತದೆ. ಸಾಧ್ಯವಾದಷ್ಟು ಹೆಚ್ಚು ಗಿಡಗಳಿಂದ, ತೆನೆಯ ಹೊರಭಾಗದ ತುಂಬಿದ ಕಾಳುಗಳನ್ನು ಆರಿಸಬೇಕು. ಒಂದೆರಡು ಗಿಡಗಳಿಂದಲೇ ವರ್ಷವರ್ಷವೂ ಬೀಜ ತೆಗೆದರೆ ತಳಿಯ ಶಕ್ತಿ ಕುಂದುತ್ತದೆ. ಎಲೆಗಳು ಬಿಳಿಚಿಕೊಂಡು ಗಿಡ ಕುಬ್ಜವಾಗಿದ್ದರೆ ಅದರ ಬೀಜ ಬೇಡ. 1984ರಲ್ಲಿ ಮರಾಠವಾಡಾ ಪ್ರದೇಶದಲ್ಲಿ ದೇಶದಲ್ಲೇ ಮೊದಲಿಗೆ ಕಂಡುಬಂದ ಬೂಜು ತುಪ್ಪಟ ರೋಗದ ಲಕ್ಷಣವಿದು. ಈ ರೋಗ ಬೀಜದ ಮೂಲಕವೂ ಹರಡುತ್ತದೆ.

ಕೈಗಾರಿಕಾ ಪ್ರದೇಶದ ಮಣ್ಣು

ಡೊಂಬಿವಲಿ ಎಂಐಡಿಸಿಯು ರಾಸಾಯನಿಕ ಕಾರ್ಖಾನೆಗಳ ನೆಲೆ. 2020ರ ಫೆಬ್ರವರಿಯಲ್ಲಿ ಇಲ್ಲಿನ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿದುದು ಸುದ್ದಿಯಾಗಿತ್ತು. ಸೂರ್ಯಕಾಂತಿಯು ಮಣ್ಣು ಮತ್ತು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರುವ ಸಸ್ಯ. ಚೆರ್ನೋಬಿಲ್ ಅಣುಸ್ಥಾವರದ ದುರಂತದ ಬಳಿಕ, 1990ರ ದಶಕದಲ್ಲಿ ಅಲ್ಲಿನ ಕೊಳದ ನೀರಿನಿಂದ ವಿಕಿರಣಶೀಲ ವಸ್ತುಗಳನ್ನು ತೆಗೆಯಲು ಇದನ್ನು ಪ್ರಯೋಗಾರ್ಥವಾಗಿ ಬೆಳೆಸಲಾಗಿತ್ತು. ಮಣ್ಣನ್ನು ಶುಚಿಗೊಳಿಸುವ ಈ ಗುಣವೇ ತಿನ್ನುವವರಿಗೆ ಅಪಾಯವನ್ನೂ ತರಬಲ್ಲದು. ಕಾರ್ಖಾನೆಯ ನಾಲೆಯ ದಂಡೆಯಲ್ಲಿ ಅಥವಾ ರಸ್ತೆಯಂಚಿನ ಮಣ್ಣಿನಲ್ಲಿ ಬೆಳೆದ ಗಿಡದ ಬೀಜವನ್ನು ತಿನ್ನಬಾರದು. ಬೀಜ ಸಂಗ್ರಹಕ್ಕೆಂದು ಬೆಳೆಯುವಾಗಲೂ ಬೇರೆಡೆಯಿಂದ ತಂದ ಶುದ್ಧ ಮಣ್ಣು ಮತ್ತು ಕಾಂಪೋಸ್ಟ್ ಗೊಬ್ಬರವನ್ನು ಕುಂಡಗಳಿಗೆ ತುಂಬುವುದು ಕ್ಷೇಮ.

ಕಾನೂನು ಏನು ಹೇಳುತ್ತದೆ?

1966ರ ಬೀಜ ಅಧಿನಿಯಮವು ಮಾರಾಟದ ಬೀಜದ ಗುಣಮಟ್ಟವನ್ನು ನಿಯಂತ್ರಿಸಲು ಬಂದಿತು. ಬೀಜ ಪ್ರಮಾಣೀಕರಣದ ನಿಯಮಗಳ ಪ್ರಕಾರ ಪ್ರಮಾಣಪತ್ರದ ಅವಧಿ ಮೊದಲಿಗೆ 9 ತಿಂಗಳು. ಮರುಪರೀಕ್ಷೆಯಲ್ಲಿ ಉತ್ತೀರ್ಣವಾದರೆ ಮತ್ತೆ 6 ತಿಂಗಳು ವಿಸ್ತರಿಸಬಹುದು. ಬೀಜಕ್ಕೆ ಆಯಸ್ಸಿದೆ ಎಂಬ ಸತ್ಯವನ್ನು ಕಾನೂನೂ ಒಪ್ಪಿಕೊಂಡಿದೆ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ 39ನೆಯ ಪ್ರಕರಣವು, ರೈತನು ತನ್ನ ಬೆಳೆಯ ಬೀಜವನ್ನು ಉಳಿಸಲು, ಬಿತ್ತಲು, ಮರುಬಿತ್ತಲು, ವಿನಿಮಯ ಮಾಡಲು, ಹಂಚಿಕೊಳ್ಳಲು ಮತ್ತು ಮಾರಲು ಹಕ್ಕುಳ್ಳವನೆಂದು ಸ್ಪಷ್ಟಪಡಿಸಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದಷ್ಟೇ ನಿರ್ಬಂಧ.

ಹಕ್ಕು ಕಾಗದದಲ್ಲಿದ್ದರೆ ಸಾಲದು, ಬೀಜವು ಜೀವಂತವಾಗಿರಬೇಕು. ಸಂದೇಹವಿದ್ದವರು ಕರ್ನಾಟಕದಲ್ಲಾದರೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು, ಕೊಂಕಣ ಭಾಗದಲ್ಲಾದರೆ ದಾಪೋಲಿಯ ಕೃಷಿ ವಿದ್ಯಾಪೀಠವನ್ನು ವಿಚಾರಿಸಬಹುದು. ಬಿತ್ತಿದಂತೆ ಬೆಳೆ ಎಂಬುದು ಹಿರಿಯರ ಮಾತು. ಬೀಜವನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಮುಚ್ಚಿಡುವುದು, ಪ್ರತಿವರ್ಷ ಒಮ್ಮೆ ಮೊಳಕೆ ಪರೀಕ್ಷಿಸುವುದು, ಪ್ರಮಾಣ ಕುಸಿಯುವುದಕ್ಕೆ ಮುನ್ನವೇ ಬಿತ್ತಿ ಹೊಸ ಬೀಜ ಪಡೆಯುವುದು — ಈ ಮೂರು ಕೆಲಸಗಳನ್ನು ತಪ್ಪದೆ ಮಾಡಿದರೆ, ಊರಿನಿಂದ ಬಂದ ಒಂದು ಹಿಡಿ ಸೂರ್ಯಕಾಂತಿಯು ಹತ್ತಾರು ಮನೆಗಳಲ್ಲಿ ವರ್ಷವರ್ಷವೂ ಅರಳಬಲ್ಲದು.